ಲೇಥ್ ಒಂದು ಬಾಕಿ

ನಮ್ಮ ಭಾವನ ಹುಬ್ಬುಗಳು ಬಲು ದಪ್ಪ. ಆ ಹುಬ್ಬಿನೊಳಗೆ ಸಾಗವಾನಿಯ ಪುಡಿ ಸದಾ ಕೂತಿರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಹಣೆ ತುಂಬ ವಿಭೂತಿ ಎಳೆದುಕೊಂಡು ಕೆಳಗಿನ ಮರಗೆಲಸದ ಕೋಣೆಗೆ ಇಳಿದರೆಂದರೆ, ಮಧ್ಯಾಹ್ನ ಊಟಕ್ಕೆ ಮೇಲೆ ಬರುವ ಹೊತ್ತಿಗೆ ವಿಭೂತಿ ಎಲ್ಲಿ ಮುಗಿಯಿತು, ಮರದ ಪುಡಿ ಎಲ್ಲಿ ಶುರುವಾಯಿತು ಎಂಬುದು ಗುರುತು ಹತ್ತುತ್ತಿರಲಿಲ್ಲ. ಕಿವಿಯ ಕೂದಲಲ್ಲಿ ಪುಡಿ, ಕನ್ನಡಕದ ಮೂಲೆಯಲ್ಲಿ ಪುಡಿ. ತಾಟಿನ ಮುಂದೆ ಕೂತು ಏನನ್ನಾದರೂ ಯೋಚಿಸುತ್ತ ಹುಬ್ಬು ಗಂಟಿಕ್ಕಿದರೆ ಬೇಳೆಯ ಮೇಲೆ ಸಣ್ಣಗೆ ಉದುರುತ್ತಿತ್ತು. ಅಕ್ಕ ಆ ತಾಟು ತೆಗೆದು ಬೇರೆ ತಾಟು ಇಡುತ್ತಿದ್ದಳು. ಅವರು ಅದನ್ನೂ ಗಮನಿಸದೆ ಉಣ್ಣುತ್ತಿದ್ದರು.

ಭಾಲ್ಕಿ ಕಡೆಯವರು ಅವರು. ಹರೆಯದಲ್ಲೇ ನಾಸಿಕಕ್ಕೆ ಬಂದು, ಓಝರಿನ ವಿಮಾನ ಕಾರ್ಖಾನೆ ಸೇರಿ, ಅಲ್ಲಿಯ ತಪಾಸಣೆ ವಿಭಾಗದಲ್ಲೇ ನಿವೃತ್ತರಾದರು. ಇನ್ನೊಬ್ಬರು ಮಾಡಿದ ಕೆಲಸವನ್ನು ತಿರುಗಿಸಿ ಮುರುಗಿಸಿ ನೋಡಿ ‘ಪಾಸ್’ ಅನ್ನುವುದು, ಇಲ್ಲವೇ ವಾಪಸ್ ಕಳಿಸುವುದು, ಇದೇ ಅವರ ಉದ್ಯೋಗ. ಆ ಬುದ್ಧಿಯನ್ನು ಅವರು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವವರಲ್ಲ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲನ್ನು ಒಮ್ಮೆ ಹಾಕಿ ತೆಗೆದು ನೋಡುವರು. ಮದುವೆ ಮನೆಯಲ್ಲಿ ಅಕ್ಷತೆ ಹಿಡಿದು ನಿಂತಾಗಲೂ ಅವರ ಕಣ್ಣು ವಧೂವರರ ಮೇಲಲ್ಲ, ಚಪ್ಪರದ ಗಂಟುಗಳ ಮೇಲೆ.

ನನ್ನನ್ನು ನೋಡಲು ಗಂಡಿನವರು ಬಂದ ದಿನವೂ ಹಾಗೇ. ನಮ್ಮ ತಂದೆಯ ಮನೆಯಲ್ಲಿ ನಡುಮನೆಯ ಬಾಗಿಲೊಂದು ಮಳೆಗಾಲದಲ್ಲಿ ಉಬ್ಬಿಕೊಂಡು ನೆಲಕ್ಕೆ ಕಚ್ಚುತ್ತಿತ್ತು. ಎಲ್ಲರೂ ಹುಡುಗನ ನೌಕರಿ, ಓದು ವಿಚಾರಿಸುತ್ತಿರುವಾಗ ಭಾವ ಮಾತ್ರ, “ಜರಾ ಆ ಬಾಗಿಲ ಹಾಕಿ ಬರ್ರಿ, ಗಾಳಿ ಬರ್ಲತದ” ಎಂದರು. ಹುಡುಗ ಎದ್ದು ಹೋಗಿ ಬಾಗಿಲು ತಳ್ಳಿ ನೋಡಿದ, ಬರಲಿಲ್ಲ. ಹಿಡಿಕೆ ಹಿಡಿದು ಸ್ವಲ್ಪ ಮೇಲಕ್ಕೆತ್ತಿ ಸಪ್ಪಳವಿಲ್ಲದೆ ಹಾಕಿ ಬಂದ. ಭಾವ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ಸಣ್ಣಾಕಿ, ಪಾಸ್! ಒದಿಲಿಲ್ಲ, ಎತ್ತಿ ಹಾಕಿದ” ಎಂದರು. ನನ್ನ ಬಾಳೇನು ವಿಮಾನದ ಬಿಡಿಭಾಗವೇ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಸಂಭಾಜಿನಗರದಲ್ಲಿ ಇಷ್ಟು ವರ್ಷ ಆ ಮನುಷ್ಯನ ಜೊತೆ ಸಂಸಾರ ಮಾಡಿದ ಮೇಲೆ ಹೇಳುತ್ತೇನೆ, ಭಾವನ ತಪಾಸಣೆ ತಪ್ಪಿರಲಿಲ್ಲ.

ಅವರದೊಂದು ಮಾತಿತ್ತು: “ಒಂದ್ ಬಾಕಿ ಇದ್ರ ಎಲ್ಲಾ ಬಾಕಿ.” ವಿಮಾನದಲ್ಲಿ ಒಂದು ತಿರುಪು ಕೂಡದಿದ್ದರೆ ಉಳಿದದ್ದೆಲ್ಲ ಕೂತಿದೆ ಎಂದು ಹಾರಿಸಲಾಗದು ಎನ್ನುವುದು ಅದರ ಅರ್ಥ. ವಿಮಾನಕ್ಕೆ ಅದು ಸರಿಯೇ. ಆದರೆ ಭಾವ ಅದನ್ನು ಎಲ್ಲದಕ್ಕೂ ಹಚ್ಚಿದರು. ನಾಸಿಕದಲ್ಲಿ ಸ್ವಂತ ಮನೆ ಕಟ್ಟಿದಾಗ ಹಿತ್ತಿಲ ನಲ್ಲಿಗೆ ಹಿಡಿಕೆ ಬಂದಿಲ್ಲವೆಂದು ಗೃಹಪ್ರವೇಶವನ್ನೇ ಮುಂದಕ್ಕೆ ಹಾಕಿದರು. ಬಂಧುಗಳೆಲ್ಲ ನಕ್ಕರು, ಅಕ್ಕನೂ ನಕ್ಕಳು. ಆಗ ನಗುವ ವಯಸ್ಸು.

ನಿವೃತ್ತಿಯಾದ ಮೇಲೆ ಅವರು ಬಡಗಿ ಕೆಲಸಕ್ಕೆ ಬಿದ್ದರು. ಸ್ಕೂಟರ್ ನಿಲ್ಲಿಸುವ ಕೆಳಗಿನ ಜಾಗಕ್ಕೆ ಮೂರು ಕಡೆ ಗೋಡೆ ಎಬ್ಬಿಸಿದರು. ಮೊದಲು ಮೇಜಿನ ಗರಗಸ ಬಂತು, ಆಮೇಲೆ ಹಲಗೆ ನುಣುಪು ಮಾಡುವ ರಂಧಾ ಮಷಿನ್, ಬ್ಯಾಂಡ್ ಸಾ ಎಂಬ ಪಟ್ಟಿ ಗರಗಸ, ಕೊನೆಗೆ ಲೇಥ್. ಲೇಥ್ ಎಂದರೆ ಮರದ ತುಂಡನ್ನು ಗಿರಗಿರ ತಿರುಗಿಸಿ ಉಳಿಯಿಂದ ದುಂಡಗೆ ಕೆತ್ತುವ ಯಂತ್ರ. ಅದು ಅವರ ಮುದ್ದಿನ ಮಗು. ಅದರಲ್ಲಿ ಲಟ್ಟಣಿಗೆ ತೆಗೆದು ತೆಗೆದು ಓಣಿಗೆಲ್ಲ ಹಂಚಿದರು.

“ಭಾವಾ, ರೊಟ್ಟಿ ಬಡಿಯೋ ಮನ್ಯಾಗ ಇಷ್ಟ್ ಲಟ್ಟಣಿಗಿ ಯಾಕ್ರಿ?” ಎಂದು ನಾನು ಕೇಳಿದರೆ, “ನಿಮ್ಮಕ್ಕನ ಕೈಗೆ ಕೊಟ್ಟಿಲ್ಲ ಅಲ್ಲ, ಅದಕ್ಕ ಜೀವಂತ ಇದ್ದೀನಿ” ಎನ್ನುತ್ತಿದ್ದರು.

ಮಷಿನ್ನುಗಳು ಕೆಳಗೆ, ಸಂಸಾರ ಮೇಲೆ. ಆದರೆ ಧೂಳಿಗೆ ಮೆಟ್ಟಿಲು ಹತ್ತಲು ಯಾರ ಅಪ್ಪಣೆ ಬೇಕು? ಅದು ಪಾತ್ರೆಯ ಮೇಲೆ ಬಂತು, ಹಾಸಿಗೆಗೆ ಬಂತು, ದೇವರ ಜಗಲಿಗೂ ಬಂತು. ಕಡೆಗೆ ಅಕ್ಕನ ಎದೆಗೆ ಬಂತು. ಮೊದಲು ಬೆಳಗಿನ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಬಾಯಿಗಿಟ್ಟು ಉಸಿರೆಳೆದುಕೊಳ್ಳುವ ಪಂಪು ಬರೆದುಕೊಟ್ಟು, “ಒಂದೋ ಧೂಳು ನಿಲ್ಲಬೇಕು, ಇಲ್ಲವೇ ಇವರು ಅಲ್ಲಿರಬಾರದು” ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಮಷಿನ್ ಮಾರಿಬಿಡಿ ಎಂದು ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಅತ್ತಳು. ಭಾವ ಒಪ್ಪಲಿಲ್ಲ. “ಧೂಳ್ ಹಿಡಿಯೋ ವ್ಯವಸ್ಥಾ ಮಾಡ್ತೀನಿ, ಮಷಿನ್ ಏನ್ ಪಾಪ ಮಾಡ್ಯಾವ?” ಎಂದರು. ಅಲ್ಲಿಂದ ಅವರ ಕೊಳವೆಯ ಪುರಾಣ ಶುರುವಾಯಿತು.

ಧೂಳು ಎಳೆಯುವ ಮಷಿನ್ ಒಂದು ಬಂತು. ದೊಡ್ಡ ಫ್ಯಾನು, ಅದರ ಕೆಳಗೆ ಚೀಲ. ಅದರಿಂದ ಒಂದೊಂದು ಯಂತ್ರಕ್ಕೂ ಕೊಳವೆ ಎಳೆಯಬೇಕು. ಎಷ್ಟು ಅಗಲದ ಕೊಳವೆ? ಭಾವ ಕಾರ್ಖಾನೆಯ ದೊಡ್ಡ ಹಾಲಿನಲ್ಲಿ ಗಾಳಿ ತರುವ ತಗಡಿನ ಕೊಳವೆಗಳನ್ನು ವರ್ಷಗಟ್ಟಲೆ ನೋಡಿದವರು. ಬೆಕ್ಕು ಓಡಾಡುವಷ್ಟು ಅಗಲ ಇರುತ್ತಿದ್ದವಂತೆ. “ಗಾಳಿಗೆ ದಾರಿ ಅಗಲ ಇದ್ದಷ್ಟೂ ಛಲೋ” ಎಂದು ಸಾತಪುರದ ತಗಡಿನ ಅಂಗಡಿಯಲ್ಲಿ ಹತ್ತಿಂಚಿನ ಕೊಳವೆ ಮಾಡಿಸಿ ಸೂರಿನುದ್ದಕ್ಕೂ ನೇತುಹಾಕಿದರು. ನೋಡಲು ಭರ್ಜರಿಯಾಗಿತ್ತು. ನೋಡಿದವರೆಲ್ಲ ಹೊಗಳಿ ಹೋದರು.

ಆದರೆ ಅವರು ನೋಡಿದ ಕೊಳವೆಗಳು ಬರೀ ಗಾಳಿ ಹೊರುವಂಥವು. ಇಲ್ಲಿ ಗಾಳಿ ಪುಡಿಯನ್ನೂ ಹೊರಬೇಕಿತ್ತು. ಹೊಳೆ ಅಗಲವಾದ ಕಡೆ ನೀರು ನಿಧಾನವಾಗಿ ಮಣ್ಣು ತಳಕ್ಕೆ ಕೂಡುತ್ತದಲ್ಲ, ಹಾಗೆ ಆ ಅಗಲದ ಕೊಳವೆಯಲ್ಲಿ ಗಾಳಿಯ ಓಟ ಸತ್ತು ಪುಡಿಯೆಲ್ಲ ಅದರ ಹೊಟ್ಟೆಯಲ್ಲೇ ಕೂತಿತು. ಹೊರಗಿನಿಂದ ಯಾರಿಗೆ ಕಾಣಬೇಕು? ದಿನದಿನಕ್ಕೆ ಕೊಳವೆ ಭಾರವಾಗುತ್ತ ಹೋಯಿತು.

ಶ್ರಾವಣ ಸೋಮವಾರ. ಮೇಲೆ ಅಕ್ಕ ಪೂಜೆಗೆ ಅಣಿ ಮಾಡಿದ್ದಳು, ನಾವೂ ಸಂಭಾಜಿನಗರದಿಂದ ಬಂದಿದ್ದೆವು. ಭಾವ ಒಂದು ಹಲಗೆ ಕೊಯ್ದು ಬರುತ್ತೇನೆಂದು ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ಮನೆ ನಡುಗುವಂಥ ಸಪ್ಪಳ. ಕೊಳವೆ ಕಳಚಿ ಸ್ಕೂಟರಿನ ಮೇಲೆ ಬಿದ್ದಿತ್ತು. ಒಳಗೆ ಕೂತಿದ್ದ ಪುಡಿಯೆಲ್ಲ ಎದ್ದು ಮೆಟ್ಟಿಲ ಸಂದಿಯಿಂದ ಮೇಲೇರಿತು. ಲಿಂಗದ ಮೇಲೆ, ಬಿಲ್ವಪತ್ರೆಯ ಮೇಲೆ, ಹೂರಣದ ಹೋಳಿಗೆಯ ಮೇಲೆ ಹಳದಿ ಧೂಳು. ಭಾವನಿಗೆ ಪೆಟ್ಟಾಗಿರಲಿಲ್ಲ. ಅಕ್ಕ ಕೆಮ್ಮುತ್ತ ಗೋಡೆ ಹಿಡಿದು ಕೂತವಳು ಎಷ್ಟೋ ಹೊತ್ತು ಏಳಲಿಲ್ಲ.

ಕೆಮ್ಮು ನಿಂತ ಮೇಲೆ ಅವಳು ಒಂದು ಚೀಲಕ್ಕೆ ಸೀರೆ ತುಂಬಿದಳು. “ನಾ ತಂಗಿ ಕೂಡ ಹೋಗ್ತೀನ್ರಿ. ಇಲ್ಲಿ ಉಸಿರಾಡೋ ಹಂಗ ಆದಾಗ ಬಂದು ಕರ್ಕೊಂಡ್ ಬರ್ರಿ” ಎಂದಳು. ಭಾವ ತಲೆಯ ಮೇಲಿನ ಪುಡಿಯನ್ನೂ ಒರೆಸಿಕೊಳ್ಳದೆ, “ಆಯ್ತು, ಪೂರಾ ಮಾಡಿ ಬರ್ತೀನಿ” ಎಂದರು. ಇಬ್ಬರೂ ಜಗಳದ ಮಾತಾಡಲಿಲ್ಲ. ಜಗಳವಾಡಿದ್ದರೆ ಎಂಟು ದಿನದಲ್ಲಿ ರಾಜಿಯಾಗಿಬಿಡುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಅಕ್ಕನ ಎದೆ ತಿಳಿಯಾಯಿತು. ಸೋಮವಾರ ಬಂತೆಂದರೆ ಬಸ್ಸು ಹಿಡಿದು ವೇರೂಳಿಗೆ ಹೋಗಿ ಘೃಷ್ಣೇಶ್ವರನ ದರ್ಶನ ಮಾಡಿ ಬರುವಷ್ಟು ಗಟ್ಟಿಯಾದಳು. ಸಂಜೆ ಭಾವನ ಫೋನು ಬರುತ್ತಿತ್ತು. ಬಿಪಿ ಗುಳಿಗೆ ತಗೊಂಡ್ಯಾ ಎಂದು ಅವರು, ಹಾಲಿನವ ಬಂದಿದ್ದನಾ ಎಂದು ಇವಳು, ಇಷ್ಟೇ ಮಾತು. ಬಾ ಎಂದು ಅವರು ಅನ್ನುತ್ತಿರಲಿಲ್ಲ, ಬರಲಾ ಎಂದು ಇವಳು ಕೇಳುತ್ತಿರಲಿಲ್ಲ.

“ಅಕ್ಕಾ, ನೀನೇ ಹೋಗಿ ನೋಡಿ ಬರಬಾರ್ದೇನು” ಎಂದರೆ ಅವಳು ಮುಖ ಬಿಗಿದುಕೊಳ್ಳುತ್ತಿದ್ದಳು. “ಹೇಳಿ ಬಂದಾಕಿ ತಾನಾಗೇ ಹೋದ್ರ ಏನ್ ಕಿಮ್ಮತ್ ಉಳೀತದ? ಕರಿಯಾಕ ಬರಬೇಕು. ಅದು ರೀತಿ.” ನಮ್ಮ ಕಡೆ ಅದು ರೀತಿಯೇ. ಮನೆ ಬಿಟ್ಟು ಬಂದ ಹೆಣ್ಣನ್ನು ಗಂಡ ಬಂದು ಕರೆದೊಯ್ಯಬೇಕು, ಅವಳು ಒಬ್ಬಳೇ ವಾಪಸ್ ಹೋಗಿ ಬಾಗಿಲು ತಟ್ಟಬಾರದು. ಇನ್ನು ಭಾವನದು ಗೊತ್ತೇ ಇದೆಯಲ್ಲ, ಪೂರಾ ಆಗದ ಕೆಲಸಕ್ಕೆ ಯಾರನ್ನೂ ಕರೆಯುವವರಲ್ಲ. ಎರಡು ರೀತಿಗಳ ನಡುವೆ ಒಂದು ಸಂಸಾರ ಸಿಕ್ಕಿಹಾಕಿಕೊಂಡಿತು.

ದೀಪಾವಳಿಯ ಮೊದಲು ಒಂದು ನಾಮಕರಣಕ್ಕೆಂದು ನಾನು ನಾಸಿಕಕ್ಕೆ ಹೋದೆ. ತಗಡಿನ ಕೊಳವೆ ಮಾಯವಾಗಿತ್ತು. ಅದರ ಜಾಗಕ್ಕೆ ಬಂದಿದ್ದ ಸಣ್ಣ ಪ್ಲಾಸ್ಟಿಕ್ ಪೈಪುಗಳೂ ಒಂದು ಮೂಲೆಯಲ್ಲಿ ಕಿತ್ತು ಬಿದ್ದಿದ್ದವು. ಅದು ಎರಡನೆಯ ತಪ್ಪು ಎಂದು ಭಾವನೇ ಹೇಳಿದರು. ಅಗಲ ಕೈಕೊಟ್ಟಿತೆಂದು ಈ ಸಲ ಮಷಿನ್ನುಗಳಿಗೆ ಕಂಪನಿಯವರೇ ಕೊಟ್ಟಿದ್ದ ಎರಡೂವರೆ ಇಂಚಿನ ಮೂತಿ ನೋಡಿ, ಅಷ್ಟೇ ಅಗಲದ ಪೈಪನ್ನು ಎಲ್ಲ ಕಡೆಗೂ ಹಾಕಿದ್ದರಂತೆ. ಫ್ಯಾನು ಕಿರುಚಿತು, ಪುಡಿ ಅಲ್ಲಾಡಲಿಲ್ಲ. “ಓಟ ಇತ್ತು ಸಣ್ಣಾಕಿ, ಗಾಳೀನೇ ಇದ್ದಿಲ್ಲ. ಇಷ್ಟ್ ಸಣ್ಣ ಬಾಯಾಗ ಎಷ್ಟ್ ಹೋಗ್ತದ?”

ಈಗ ಮೂರನೆಯದು. ಗರಗಸದ ಪೆಟ್ಟಿಗೆಯನ್ನೇ ಕೊರೆದು ಮೂತಿಯನ್ನು ನಾಲ್ಕಿಂಚಿಗೆ ದೊಡ್ಡದು ಮಾಡಿದ್ದರು. ಅಲಗಿನ ಕೆಳಗೊಂದು ಮೂತಿ, ಮೇಲೊಂದು ಮೂತಿ. ನಾಲ್ಕಿಂಚಿನ ಎರಡು ಪೈಪು ಓರೆಯಾಗಿ ಬಂದು ಆರಿಂಚಿನ ಒಂದೇ ಪೈಪಿಗೆ ಕೂಡುತ್ತಿದ್ದವು. ಎಲ್ಲೂ ಗಕ್ಕನೆ ತಿರುವಿಲ್ಲ. ಉಳಿದ ಮಷಿನ್ನುಗಳ ಪೈಪಿಗೆ ಹಲಗೆಯ ಗೇಟು, ಅವನ್ನು ಮುಚ್ಚಿಟ್ಟರೆ ಎಳೆತವೆಲ್ಲ ಕೆಲಸ ನಡೆಯುವ ಕಡೆಗೇ. ಪುಡಿ ಕೂಡದಷ್ಟು ಓಟವೂ ಬೇಕು, ಪುಡಿ ಹೊರುವಷ್ಟು ಗಾಳಿಯೂ ಬೇಕು, ಎರಡೂ ಕೂಡಿ ಬರುವ ಅಳತೆ ಒಂದೇ ಇರುತ್ತದೆ ಎಂದು ವಿವರಿಸಿದರು. ಹಳೆಯ ಬಟ್ಟೆಯ ಚೀಲದ ಸಂದಿಯಿಂದ ನುಣ್ಣನೆಯ ಪುಡಿ ವಾಪಸ್ ಬರುತ್ತಿತ್ತೆಂದು ಅದನ್ನೂ ಬದಲಿಸಿದ್ದರು. “ಕಣ್ಣಿಗಿ ಕಾಣೋದು ಕಸಬರಿಗಿ ಕೆಲಸ. ಕಾಣದೇ ಇರೋದ ನಿಮ್ಮಕ್ಕನ ಎದಿಗಿ ಹೋಗಿದ್ದು” ಎಂದರು. ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಆಮೇಲೆ ದೇವರ ಮುಂದಿನ ಊದಿನಕಡ್ಡಿ ತಂದು ಹಚ್ಚಿದರು. ಗರಗಸದ ಮೂತಿಯ ಹತ್ತಿರ ಹಿಡಿದಾಗ ಹೊಗೆ ಮೇಲೇಳದೆ ನೇರವಾಗಿ ಒಳಗೆ ಹೋಯಿತು. ರಂಧಾ ಮಷಿನ್ನಿಗೂ ಹಿಡಿದರು, ಬ್ಯಾಂಡ್ ಸಾಗೂ ಹಿಡಿದರು. ಎಲ್ಲ ಕಡೆ ಹೊಗೆ ಒಳಗೇ. ಮನೆಗೆ ಹೊಸ ಸೊಸೆ ಬಂದಷ್ಟು ಖುಷಿ ಅವರ ಮುಖದಲ್ಲಿ. ನಾನು ಮೇಲೆ ಹೋಗಿ ನೋಡಿದೆ. ಜಗಲಿ, ಕಪಾಟು, ಹಾಸಿಗೆ ಎಲ್ಲ ಸ್ವಚ್ಛ. ಓಡಿ ಕೆಳಗೆ ಬಂದು, “ಭಾವಾ, ಆತಲ್ಲ! ಯಾವಾಗ ಬರ್ತೀರಿ ಕರಿಯಾಕ? ನಾಳೆ ನನ್ನ ಕೂಡ ನಡೀರಿ” ಎಂದೆ.

ಅವರು ಊದಿನಕಡ್ಡಿಯನ್ನು ಮೂಲೆಯ ಲೇಥಿನತ್ತ ಚಾಚಿದರು. ಹೊಗೆ ಅತ್ತಿತ್ತ ಚೆದುರಿತು.

“ಲೇಥ್ ಒಂದ್ ಬಾಕಿ ಅದ.”

“ಅದನ್ನ ನಡಸಬ್ಯಾಡ್ರಿ ಅಲ್ಲಿತನಕ.”

“ಹ್ಯಾಂಗ ಪಾಸ್ ಮಾಡ್ಲಿ? ಒಂದ್ ಬಾಕಿ ಇದ್ರ ಎಲ್ಲಾ ಬಾಕಿ.”

ಲೇಥಿನ ಕಥೆ ಬೇರೆ. ಗರಗಸದ ಪುಡಿ ಒಂದೇ ಕಡೆಗೆ ಬೀಳುತ್ತದೆ, ಅಲ್ಲಿ ಮೂತಿ ಇಟ್ಟರೆ ಮುಗಿಯಿತು. ಲೇಥಿನದು ನಾಲ್ಕೂ ಕಡೆ ಹಾರುತ್ತದೆ. ದೊಡ್ಡ ಬುಟ್ಟಿಯಂಥ ಬಾಯಿ ಇಟ್ಟರೆ ಎಳೆತ ಆ ಅಗಲದಲ್ಲೇ ಹರಿದು ಹೋಗುತ್ತದೆ. ಸಣ್ಣ ಬಾಯಿ ಇಟ್ಟರೆ ಮರಕ್ಕೆ ಹತ್ತಿಸಿ ಇಡಬೇಕು, ಹತ್ತಿಸಿ ಇಟ್ಟರೆ ಉಳಿ ಹಿಡಿದ ಕೈಗೆ ಅಡ್ಡ. ಅವರು ಹಲಗೆಯಿಂದ ಮಾಡಿ ನೋಡಿದರು, ಎಣ್ಣೆ ಡಬ್ಬಿ ಕತ್ತರಿಸಿ ನೋಡಿದರು, ಬಕೆಟ್ಟಿನ ಬುಡ ಕೊರೆದು ನೋಡಿದರು. ದೀಪಾವಳಿ ಹೋಯಿತು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅಕ್ಕ ಯಾರದೋ ಕೈಯಲ್ಲಿ ಕಳಿಸಿದಳು. ಶಿವರಾತ್ರಿಗೆ ಅವಳು ವೇರೂಳಿನಲ್ಲಿ, ಅವರು ನಾಸಿಕದಲ್ಲಿ. ಫೋನಿನಲ್ಲಿ ನಾನು ಕೇಳಿದಾಗಲೆಲ್ಲ ಅದೇ ಉತ್ತರ, ಲೇಥ್ ಒಂದು ಬಾಕಿ. ಯುಗಾದಿಗೆ ನಾನು ಬೈದೇಬಿಟ್ಟೆ. “ನಿಮಗ ಹೆಂಡ್ತಿ ಬೇಕೋ ಲೇಥ್ ಬೇಕೋ?” ಎಂದೆ. ಅವರು ನಗಲಿಲ್ಲ. “ಅರ್ಧಾ ಮಾಡಿ ಕರದು ಮತ್ತ ಆಕಿ ಕೆಮ್ಮಿದ್ರ? ಆ ದಿನ ಗೋಡಿ ಹಿಡ್ದು ಕುಂತಿದ್ದು ನಾ ನೋಡೀನಿ. ಇನ್ನೊಮ್ಮಿ ನೋಡಾಕ ಆಗಂಗಿಲ್ಲ ಸಣ್ಣಾಕಿ” ಎಂದರು. ಅದು ಹಟವಲ್ಲ, ಹೆದರಿಕೆ ಎಂದು ನನಗೆ ಆಗ ತಿಳಿಯಿತು. ಅಕ್ಕನಿಗೆ ಹೇಳಿದೆ. ಅವಳು, “ಹಂಗಂತ ನನಗ ಹೇಳಬೇಕಿಲ್ಲೇನು?” ಎಂದಳು.

ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಬಾಗಿಲು ಯಾರೋ ಹಾಕಿ ತೆಗೆದ ಸಪ್ಪಳವಾಯಿತು. ನೋಡಿದರೆ ಭಾವ. ಇಸ್ತ್ರಿ ಅಂಗಿ, ಒಗೆದ ಟೋಪಿ. ಅವರ ಹುಬ್ಬುಗಳು ನರೆತಿದ್ದವೆಂಬುದು ನನಗೆ ಅವತ್ತೇ ಕಂಡಿದ್ದು. ಹೊಸ್ತಿಲಲ್ಲೇ ನಿಂತು ಒಳಗಿದ್ದ ಅಕ್ಕನಿಗೆ ಕೇಳುವಂತೆ, “ಎಲ್ಲಾ ಪಾಸ್ ಆಗ್ಯದ. ಕರಿಯಾಕ ಬಂದೀನಿ” ಎಂದರು. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಏನೇನೋ ಅನ್ನಬೇಕೆಂದು ಇಷ್ಟು ತಿಂಗಳು ಕಟ್ಟಿಟ್ಟುಕೊಂಡವಳು, “ಸೊರಗೀರಲ್ರಿ. ಮೊದ್ಲ ಉಣ್ಣ ಬರ್ರಿ” ಎಂದಷ್ಟೇ ಅಂದಳು. ಮರುದಿನ ಬೆಳಿಗ್ಗೆ ಇಬ್ಬರೂ ನಾಸಿಕದ ಬಸ್ಸು ಹತ್ತಿದರು. ಕಿಟಕಿಯ ಸೀಟು ಅವಳಿಗೆ ಬಿಟ್ಟು, ಕಿಟಕಿಯ ಗಾಜು ಸರಿಯಾಗಿ ಸರಿಯುತ್ತದೆಯೋ ಇಲ್ಲವೋ ಎಂದು ಭಾವ ಎಳೆದು ನೋಡುತ್ತಿದ್ದರು.

ಆ ಮಳೆಗಾಲ ಅವರು ಜೊತೆಗಿದ್ದರು. ದಸರೆಗೆ ನಾವು ಹೋದಾಗ ಮನೆಯಲ್ಲಿ ಮರದ ವಾಸನೆ ಮಾತ್ರ ಇತ್ತು, ಧೂಳಿರಲಿಲ್ಲ. ಅಕ್ಕ ಮೊದಲ ಸಲ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದಳು, ಭಾವ ಪಕ್ಕದಲ್ಲೇ ಲೇಥ್ ನಡೆಸುತ್ತಿದ್ದರು. ಕೈಗೆ ಅಡ್ಡವಾಗದಂತೆ ಮರದ ಹಿಂಬದಿಯಲ್ಲಿ ಸರಿದಾಡುವ ಸಣ್ಣ ಬಾಯಿಯೊಂದನ್ನು ಕಡೆಗೂ ಅದಕ್ಕೆ ಕೂಡಿಸಿದ್ದರು. ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಭಾವ, ಚಹಾದ ಬಟ್ಟಲು ಕೈಯಲ್ಲಿದ್ದಂತೆಯೇ, ಎದೆ ಹಿಡಿದುಕೊಂಡು ಶಿವನ ಪಾದ ಸೇರಿದರು. ಆಸ್ಪತ್ರೆಗೆ ಒಯ್ಯಲೂ ಬಿಡಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಚೆದುರಿದ ಮೇಲೆ ಅಕ್ಕ ನನಗೆ ಹೇಳಿದಳು: “ನಾ ತಿರಿಗಿ ಬಂದ ಮ್ಯಾಲ ಲೇಥ್ ಅವರು ವಾರದಾಗ ಒಮ್ಮಿ ಸೈತ ನಡಸ್ತಿದ್ದಿಲ್ಲ ನೋಡು. ದೀಪಾವಳಿಗೇ ಮನಿ ಸ್ವಚ್ಛ ಆಗಿತ್ತು ಅಂತ ನೀ ಹೇಳಿದ್ದಿ. ಅಷ್ಟೂ ದಿನ ನಾ ಅಲ್ಲಿ ಕುಂತೆ, ಅವರು ಇಲ್ಲಿ ಕುಂತ್ರು.” ಅವಳು ಅಳಲಿಲ್ಲ. ಅತ್ತದ್ದು ನಾನು. ನಾವು ಮನುಷ್ಯರು ಒಬ್ಬರ ಬಳಿ ಒಬ್ಬರು ಹೋಗುವುದಕ್ಕೆ ಎಷ್ಟೆಲ್ಲ ಅಳತೆ ಹಾಕುತ್ತೇವಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಭಾವನಿಂದ ನಾನು ಕಲಿತದ್ದು ಬಹಳ. ಬಾಗಿಲು ಒದೆಯದೆ ಎತ್ತಿ ಹಾಕುವ ಗಂಡನನ್ನು ಆರಿಸಿಕೊಟ್ಟವರು ಅವರು. ಅದರ ಋಣ ತೀರುವಂಥದಲ್ಲ. ಆದರೂ ಅವರ ಮೇಲೆ ನನಗೆ ಸಿಟ್ಟು, ಸಿಟ್ಟು ಬಂದಾಗಲೆಲ್ಲ ನೆನಪು.

ಮುಂದಿನ ವರ್ಷ ಮಷಿನ್ನುಗಳನ್ನು ಕೊಳ್ಳಲು ಒಬ್ಬ ಬಂದ. ಹುಮನಾಬಾದ ಕಡೆಯವನು, ಕಟ್ಟಡದ ಕೆಲಸದಲ್ಲಿ ಬಾಗಿಲು ಕಿಟಕಿ ಕೂಡಿಸುತ್ತಿದ್ದವನು, ಈಗ ಸಾತಪುರದಲ್ಲಿ ಸ್ವಂತ ಶೆಡ್ ಹಿಡಿದಿದ್ದ. ಕನ್ನಡ ಕೇಳಿ ಅಕ್ಕನಿಗೆ ಸಮಾಧಾನವಾಯಿತು. ಅವಳೇ ಮುಂದೆ ನಿಂತು ಗರಗಸ, ರಂಧಾ, ಲೇಥ್ ಎಲ್ಲ ತೋರಿಸಿದಳು. ಪೈಪುಗಳನ್ನೂ ಬಿಚ್ಚಿಕೊಂಡು ಹೋಗು, ಎರಡು ನಾಲ್ಕಿಂಚು ಒಂದು ಆರಿಂಚಿಗೆ ಕೂಡಬೇಕು, ಅಳತೆ ಬದಲಿಸಬೇಡ ಎಂದಳು. ನನಗೆ ಆಶ್ಚರ್ಯವಾಯಿತು. ಇದನ್ನೆಲ್ಲ ಅವಳು ಯಾವಾಗ ಕಲಿತಳೋ!

“ಮನ್ಯಾಗ ಯಾರ್ಯಾರ್ ಅದಾರಪಾ?” ಎಂದು ಕೇಳಿದಳು.

“ಹೆಂಡತಿ ಊರಾಗ ಅದಾಳ್ರಿ ಅವ್ವಾರ. ಬಾಡಿಗಿ ಖೋಲಿ ಹಿಡದೀನಿ. ಇನ್ನಾ ಗ್ಯಾಸ್ ಆಗಬೇಕು, ಮಂಚ ಆಗಬೇಕು. ಶೆಡ್ ಒಂದ್ ಪೂರಾ ಹೊಂದಲಿ, ಎಲ್ಲಾ ಬರೋಬ್ಬರಿ ಮಾಡಿ ಆಮ್ಯಾಲ ಕರ್ಕೊಂಡ್ ಬರ್ಬೇಕಂತ ಮಾಡೀನ್ರಿ.”

ಅಕ್ಕ ಕೈಯಲ್ಲಿದ್ದ ಮರಗೆಲಸದ ಕೋಣೆಯ ಬೀಗದ ಕೈಯನ್ನು ಅವನಿಗೆ ಕೊಡದೆ ಹಿಡಿದುಕೊಂಡಳು.

“ಮಷಿನ್ ಎಲ್ಲೂ ಹೋಗಂಗಿಲ್ಲ, ನಿನ್ನವೇ. ನೀ ಮೊದ್ಲ ಊರಿಗಿ ಹೋಗಿ ಆಕೀನ ಕರ್ಕೊಂಡ್ ಬಾ. ಮಂಚ ಇಬ್ರೂ ಕೂಡಿ ತರ್ರಿ. ಆಕಿ ಬಂದ ಮ್ಯಾಲ ಕೀಲಿ ಆಕೀ ಕೈಯಾಗ ಕೊಡ್ತೀನಿ.”

ಚೇಷ್ಟೆಗೆ ಹೇಳುತ್ತಿದ್ದಾಳೋ ಏನೋ ಎಂದು ಅವನು ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. “ಇವತ್ತೇ ಹೋಗು” ಎಂದಳು.